ಯೆಜ್ಡಿಯ ಲೆಗ್ ಗಾರ್ಡು ಮತ್ತು ಅಪ್ಪನ ಕಾಲು

ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಬೈಕಿನ ಬಗ್ಗೆ ಅಂದ ತಕ್ಷಣ ಕೆಲವರು ಇಲ್ಲಿಂದಲೇ ಎದ್ದು ಹೋಗಬಹುದು, ಆದರೂ ಸ್ವಲ್ಪ ಕೂತ್ಕೊಳ್ಳಿ. ಇದು ಬೈಕಿನ ಕಥೆಗಿಂತ ಹೆಚ್ಚಾಗಿ ಒಂದು ಕಬ್ಬಿಣದ ಕೊಳವೆಯ ಕಥೆ, ಮತ್ತೆ ನಮ್ಮನೇಲಿ ಮೂವತ್ತೈದು ವರ್ಷ ಕಳೆದರೂ ಮುಗಿಯದ ಒಂದು ಜಗಳದ ಕಥೆ.

ಹುಣಸೂರಿನ ನಮ್ಮ ಮನೆಯ ಅಟ್ಟದ ಮೇಲೆ, ಹಿತ್ತಾಳೆ ಕೊಳಗ ಮತ್ತು ಹರಿದ ಪಾಠದ ಪುಸ್ತಕಗಳ ಹಿಂದೆ, ಒಂದು ಸೊಟ್ಟ ಕಬ್ಬಿಣ ಇತ್ತು. ಒಂದು ಕಡೆ ಚೆನ್ನಾಗಿ ಬಿಲ್ಲಿನ ಥರ ಬಾಗಿತ್ತು, ಇನ್ನೊಂದು ಕಡೆ ಒಳಕ್ಕೆ ನುಗ್ಗಿ ಮಡಚಿಕೊಂಡಿತ್ತು. ಚಿಕ್ಕವನಿದ್ದಾಗ ಅದು ಏನೋ ಮುರಿದ ಕುರ್ಚಿಯ ಕೈ ಅಂದ್ಕೊಂಡಿದ್ದೆ. ಅದು ಅಪ್ಪನ ಯೆಜ್ಡಿಯ ಲೆಗ್ ಗಾರ್ಡು ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

1988ರಲ್ಲಿ, ಅಂದರೆ ನಾನು ಹುಟ್ಟೋದಕ್ಕೆ ಒಂಬತ್ತು ವರ್ಷ ಮೊದಲು, ಅಪ್ಪ ಮೈಸೂರಿನಿಂದ ವಾಪಸ್ ಬರ್ತಾ ಇದ್ದಾಗ ಯಲವಾಲ ದಾಟಿದ ಮೇಲೆ ಒಂದು ಎತ್ತಿನ ಗಾಡಿ ಇದ್ದಕ್ಕಿದ್ದ ಹಾಗೆ ಅಡ್ಡ ತಿರುಗಿತು. ಅಪ್ಪ ಬ್ರೇಕ್ ಒತ್ತಿದರು, ಆದರೆ ಯೆಜ್ಡಿಯ ಡ್ರಮ್ ಬ್ರೇಕ್ ಬಗ್ಗೆ ಗೊತ್ತಿರುವವರಿಗೆ ಮುಂದಿನದ್ದು ಹೇಳಬೇಕಿಲ್ಲ. ಎಡಗಡೆಯ ಗಾರ್ಡು ಗಾಡಿಯ ಚಕ್ರಕ್ಕೆ ಬಡಿದು ಒಳಕ್ಕೆ ಮಡಚಿತು. ಅಪ್ಪನ ಎಡಗಾಲು ಗಾರ್ಡಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಹಾಕಿಕೊಂಡು ಮೊಣಕಾಲಿನ ಕೆಳಗೆ ಮುರಿಯಿತು. ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ!

ಅಮ್ಮನ ವಾದ: "ಆ ಗಾರ್ಡ್ ಇದ್ದಿದ್ದಕ್ಕೆ ಪಾದ ಉಳೀತು. ಇಲ್ಲದಿದ್ರೆ ಚಕ್ರದ ಕೆಳಗೆ ಪಾದವೇ ಹೋಗ್ತಿತ್ತು."

ಅಪ್ಪನ ವಾದ: "ಆ ಗಾರ್ಡ್ ಇದ್ದಿದ್ದಕ್ಕೇ ಕಾಲು ಮುರೀತು. ಇಲ್ಲದಿದ್ರೆ ಗಾಡಿಯಿಂದ ಆಚೆ ಹಾರಿ ಬೀಳ್ತಿದ್ದೆ, ಅಷ್ಟೆ."

ಅಪ್ಪ ಇವತ್ತಿಗೂ ಸ್ವಲ್ಪ ಕುಂಟುತ್ತಾರೆ, ಚಳಿಗಾಲದಲ್ಲಿ ಜಾಸ್ತಿ. ಈ ಜಗಳ ನಮ್ಮನೇಲಿ ದೀಪಾವಳಿಯಷ್ಟೇ ನಿಯಮಿತವಾಗಿ ಬರುತ್ತೆ. ಹೋದ ವರ್ಷ ಅಪ್ಪ ಹದಿನೈದು ವರ್ಷದಿಂದ ಗೋಣಿಚೀಲ ಹೊದ್ದು ನಿಂತಿದ್ದ ಆ 1982ರ ಯೆಜ್ಡಿಯನ್ನ ರಿಪೇರಿ ಮಾಡ್ಸು ಅಂತ ನನಗೆ ಹೇಳಿದರು. ಖುಷಿಯಿಂದ ಒಪ್ಕೊಂಡೆ. ಆಗ ಅಮ್ಮ ಅಡುಗೆಮನೆಯಿಂದಲೇ ಷರತ್ತು ಹಾಕಿದಳು, "ಗಾರ್ಡ್ ಹಾಕಿಸಿದ್ರೆ ಮಾತ್ರ ಗಾಡಿ ಗೇಟಿನಾಚೆ ಹೋಗೋದು." ಅಪ್ಪ ಹೇಳಿದ್ದು, "ಗಾರ್ಡ್ ಹಾಕಿದ್ರೆ ನಾನು ಹತ್ತಲ್ಲ."

ಹೀಗೆ, ಎರಡು ಕ್ಲೈಂಟುಗಳ ಪರಸ್ಪರ ವಿರುದ್ಧವಾದ ರಿಕ್ವೈರ್‌ಮೆಂಟಿನ ಮಧ್ಯೆ ನಾನು ಸಿಕ್ಕಿಹಾಕಿಕೊಂಡೆ. ಅಭ್ಯಾಸ ಇದೆ ಬಿಡಿ :)

ಗಾರ್ಡು ಹಾಕೋದೋ ಬೇಡವೋ ಅಂತ ತೀರ್ಮಾನ ಮಾಡೋ ಮೊದಲು ಈ ವಸ್ತು ಎಲ್ಲಿಂದ ಬಂತು, ಯಾಕೆ ಬಂತು ಅಂತ ತಿಳ್ಕೊಳ್ಳೋಣ ಅನ್ನಿಸಿತು. ಅದಕ್ಕೆ ಮೊದಲು ಗಾಡಿಯ ಚರಿತ್ರೆ ಬೇಕು.

*

ಯೆಜ್ಡಿ ಅಂದರೆ ಮೈಸೂರು. ಆದರೆ ಅದರ ಬೇರು ಇರೋದು ಚೆಕ್ ದೇಶದಲ್ಲಿ. ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರ್ ಇದ್ದರು. ಅವರ ಕಾರ್ಖಾನೆ ಮೊದಲು ಮಾಡ್ತಾ ಇದ್ದಿದ್ದು ಶಸ್ತ್ರಾಸ್ತ್ರ. ಮೊದಲನೇ ಮಹಾಯುದ್ಧ ಮುಗಿದು ಕೆಲವು ವರ್ಷಕ್ಕೆ ಆ ವ್ಯಾಪಾರ ಇಳಿಯಿತು. 1929ರಲ್ಲಿ ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕೊಂದರ ಹಕ್ಕು ಕೊಂಡರು. ಯಾನೆಚೆಕ್‌ನಿಂದ 'ಯಾ', ವಾಂಡರರ್‌ನಿಂದ 'ವಾ', ಸೇರಿ 'ಯಾವಾ'. ನಾವು ಇಂಗ್ಲಿಷ್ ಅಕ್ಷರ ಓದಿ 'ಜಾವಾ' ಮಾಡಿದೆವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಂಪನಿ ರಾಷ್ಟ್ರೀಕರಣ ಆಯಿತು. 1954ರಲ್ಲಿ ಬಂದ 353 ಅನ್ನೋ 250 ಸಿಸಿ ಮಾದರಿಯೇ ನಮ್ಮ ಮೈಸೂರಿನ ಗಾಡಿಗಳ ಮುತ್ತಜ್ಜ.

1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಮೊದಲು ಜಾವಾ ಹೆಸರಿನಲ್ಲೇ ಗಾಡಿ ಬಂತು, 1970ರ ದಶಕದ ಆರಂಭದಲ್ಲಿ ಯೆಜ್ಡಿ ಆಯಿತು. ಈ ಹೆಸರು ಇರಾನಿನ ಯಜ್ದ್ ಊರಿನಿಂದ ಬಂತು ಅಂತ ಕೆಲವರು, ಚೆಕ್ ಭಾಷೆಯಲ್ಲಿ 'ಸವಾರಿ ಮಾಡು' ಅನ್ನೋ ಅರ್ಥದ ಪದದಿಂದ ಬಂತು ಅಂತ ಇನ್ನು ಕೆಲವರು. ನನಗೆ ಎರಡೂ ಇಷ್ಟ. 1978ರಲ್ಲಿ ರೋಡ್‌ಕಿಂಗ್ ಬಂತು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಬೈಕ್ ಅಂದರೆ ಮದ್ರಾಸಿನ ಬುಲೆಟ್, ಎಸ್ಕಾರ್ಟ್ಸ್‌ನ ರಾಜದೂತ್, ಮೈಸೂರಿನ ಯೆಜ್ಡಿ. ಅಷ್ಟೇ ಪ್ರಪಂಚ.

ಆಮೇಲೆ ಜಪಾನಿನ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಹಗುರ, ಕಡಿಮೆ ಪೆಟ್ರೋಲು, ಕಮ್ಮಿ ತಲೆನೋವು. ಯೆಜ್ಡಿ ಎಣ್ಣೆ ಬೆರೆಸಿದ ಪೆಟ್ರೋಲು ಕುಡಿದು, ಹೊಗೆ ಬಿಟ್ಟು, ತನ್ನದೇ ಗತ್ತಿನಲ್ಲಿ ಓಡ್ತಾ ಇತ್ತು. ಹೊಗೆಯ ನಿಯಮಗಳು ಬಿಗಿಯಾದವು, ಮಾರಾಟ ಇಳಿಯಿತು, ಕಾರ್ಮಿಕರ ತಕರಾರುಗಳು ಬೆಳೆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಕಡೆ ಇವತ್ತಿಗೂ 'ಜಾವಾ ಫ್ಯಾಕ್ಟ್ರಿ' ಅಂದರೆ ಒಂದು ನಿಟ್ಟುಸಿರು ಬಿಡೋ ಹಿರಿಯರು ಸಿಗ್ತಾರೆ.

*

ಈಗ ಗಾರ್ಡಿನ ವಿಷಯಕ್ಕೆ ಬರ್ತೀನಿ. ಒಂದು ವಸ್ತುವಿಗೆ ನಾವು ಇಡೋ ಹೆಸರೇ ನಮ್ಮನ್ನ ದಾರಿ ತಪ್ಪಿಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಹೊರದೇಶದಲ್ಲಿ ಇದನ್ನ ಸಾಮಾನ್ಯವಾಗಿ ಕರೆಯೋದು ಎಂಜಿನ್ ಗಾರ್ಡ್ ಅಥವಾ ಕ್ರ್ಯಾಶ್ ಬಾರ್ ಅಂತ. ಎಂಜಿನ್ ಕಾಯೋ ಕಂಬಿ. ಬಿಎಂಡಬ್ಲ್ಯು 1923ರಲ್ಲಿ ತಂದ ಮೊದಲ ಬೈಕ್ ಆರ್ 32ರಲ್ಲಿ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಕಿವಿಯ ಥರ ಹೊರಗೆ ಚಾಚಿದ್ದವು. ಇವತ್ತಿಗೂ ಆ ಕಂಪನಿಯ ಬಾಕ್ಸರ್ ಗಾಡಿಗಳು ಹಾಗೇ ಇವೆ. ಅಂಥ ಗಾಡಿ ನಿಂತಲ್ಲೇ ವಾಲಿದರೂ ಮೊದಲು ನೆಲಕ್ಕೆ ಬಡಿಯೋದು ಸಿಲಿಂಡರಿನ ತಲೆ. ಭಾರದ ಪೊಲೀಸ್ ಗಾಡಿ ಮತ್ತು ದೂರ ಪ್ರಯಾಣದ ಗಾಡಿಗಳಿಗೆ ಕಂಬಿ ಹಾಕೋದು ಈ ಕಾರಣಕ್ಕೆ. ಬಿದ್ದ ಗಾಡಿಯನ್ನ ಎತ್ತಿ, ಕಿಕ್ ಹೊಡೆದು, ಮನೆಗೆ ಹೋಗಬೇಕು. ಕಂಬಿಯ ಕೆಲಸ ಅಷ್ಟೆ.

ನಮ್ಮಲ್ಲಿ ಅದೇ ಕಂಬಿಗೆ 'ಲೆಗ್ ಗಾರ್ಡ್' ಅನ್ನೋ ಹೆಸರು ಬಿತ್ತು. ಹೆಸರು ಬದಲಾದ ತಕ್ಷಣ ಅದು ಕೊಡೋ ಭರವಸೆಯೂ ಬದಲಾಯಿತು. ಬುಲೆಟ್ಟಿಗೆ, ರಾಜದೂತಿಗೆ, ಯೆಜ್ಡಿಗೆ, ಕೊನೆಗೆ ಆ ಹಗುರ 100 ಸಿಸಿ ಗಾಡಿಗಳಿಗೂ ಶೋರೂಮಿನಿಂದ ಆಚೆ ಬರೋ ಮೊದಲೇ ಲೆಗ್ ಗಾರ್ಡು, ಹಿಂದೆ ಸೀರೆ ಗಾರ್ಡು. ಎರಡೂ ಗಾರ್ಡೇ, ಎರಡನ್ನೂ ಒಟ್ಟಿಗೇ ಹಾಕ್ತಾರೆ, ಹಾಗಾಗಿ ಎರಡೂ ಒಂದೇ ಜಾತಿ ಅನ್ನೋ ಭಾವನೆ. ಆದರೆ ಕಾನೂನಿನ ಕಣ್ಣಲ್ಲಿ ಹಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಬೈಕಿನಲ್ಲಿ ಹಿಂದೆ ಕೂರೋರಿಗೆ ಹಿಡಿ, ಕಾಲಿಡೋ ಜಾಗ, ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದ ಮುಚ್ಚಿಗೆ ಇರಬೇಕು ಅನ್ನುತ್ತೆ. ಅಂದರೆ ಸೀರೆ ಗಾರ್ಡು ಕಡ್ಡಾಯ. ಆ ನಿಯಮದಲ್ಲಿ ಲೆಗ್ ಗಾರ್ಡಿನ ಸುದ್ದಿಯೇ ಇಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡು, ಬುಲ್ ಬಾರ್ ಹಾಕಿಸಿಕೊಂಡ ವಾಹನಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದಾಗ ಮುಖ್ಯ ಚರ್ಚೆ ಆಗಿದ್ದು ಕಾರುಗಳ ಬಗ್ಗೆ, ಪಾದಚಾರಿಗಳಿಗೆ ಆಗೋ ಪೆಟ್ಟಿನ ಬಗ್ಗೆ. ಬೈಕಿನವರಲ್ಲೂ ಅದರಿಂದ ಒಂದಷ್ಟು ಗೊಂದಲ ಹುಟ್ಟಿತು.

*

ಹಾಗಾದರೆ ಕಾಲು ಉಳಿಯುತ್ತೋ ಇಲ್ಲವೋ? ಇದನ್ನ ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರಾ?

ನೋಡಿದ್ದಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹರ್ಟ್ ಅನ್ನೋ ಪ್ರೊಫೆಸರ್ ಇದ್ದರು. 1970ರ ದಶಕದ ಕೊನೆಯಲ್ಲಿ ಅವರ ತಂಡ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಬೈಕ್ ಅಪಘಾತ ಆದ ಜಾಗಕ್ಕೇ ಹೋಗಿ 900ಕ್ಕೂ ಹೆಚ್ಚು ಅಪಘಾತಗಳನ್ನ ಪರೀಕ್ಷೆ ಮಾಡಿತು. ಜೊತೆಗೆ ಅದೇ ಪ್ರದೇಶದ 3,600 ಪೊಲೀಸ್ ವರದಿಗಳನ್ನ ಓದಿತು. 1981ರಲ್ಲಿ ಬಂದ ಅವರ ವರದಿಯನ್ನ ಬೈಕ್ ಲೋಕ ಇವತ್ತಿಗೂ 'ಹರ್ಟ್ ರಿಪೋರ್ಟ್' ಅಂತಲೇ ಕರೆಯುತ್ತೆ. ಹೆಲ್ಮೆಟ್ ವಿಷಯ, ಎದುರಿನ ಕಾರಿನವನಿಗೆ ಬೈಕ್ ಕಾಣಲೇ ಇಲ್ಲ ಅನ್ನೋ ವಿಷಯ, ಎಲ್ಲಾ ಅದರಲ್ಲಿದೆ. ಕ್ರ್ಯಾಶ್ ಬಾರ್ ಬಗ್ಗೆಯೂ ಒಂದು ತೀರ್ಮಾನ ಇದೆ.

ಆ ತೀರ್ಮಾನ ಏನು ಗೊತ್ತಾ? ಕ್ರ್ಯಾಶ್ ಬಾರ್ ಗಾಯ ತಪ್ಪಿಸೋ ಪರಿಣಾಮಕಾರಿ ಸಾಧನ ಅಲ್ಲ. ಅದು ಪಾದ ಮತ್ತು ಹರಡಿನ ಗಾಯವನ್ನ ಕಮ್ಮಿ ಮಾಡುತ್ತೆ. ಆದರೆ ತೊಡೆ, ಮೊಣಕಾಲು, ಮೊಣಕಾಲಿನ ಕೆಳಗಿನ ಗಾಯವನ್ನ ಜಾಸ್ತಿ ಮಾಡುತ್ತೆ. ಒಂದಕ್ಕೊಂದು ಸರಿಹೋಗುತ್ತೆ.

ಇದನ್ನ ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರಿನ ರೂಮಿನಲ್ಲಿ ಕೂತು ಓದಿದೆ. ಎರಡು ಸಲ ಓದಿದೆ. ಪಾದ ಉಳಿಯಿತು, ಮೊಣಕಾಲಿನ ಕೆಳಗೆ ಮುರಿಯಿತು. ನಾನು ಹುಟ್ಟೋ ಮೊದಲಿನಿಂದ ನಡೀತಿದ್ದ ಜಗಳಕ್ಕೆ ಉತ್ತರ, ಆ ಅಪಘಾತಕ್ಕೆ ಏಳು ವರ್ಷ ಮೊದಲೇ ಪ್ರಿಂಟ್ ಆಗಿ ಕೂತಿತ್ತು. ಅಮ್ಮ ಹೇಳಿದ್ದೂ ಸರಿ, ಅಪ್ಪ ಹೇಳಿದ್ದೂ ಸರಿ.

ಇದಕ್ಕೆ ಕಾರಣ ಯೋಚಿಸಿದರೆ ಕಷ್ಟವೇನಿಲ್ಲ. ಗಾರ್ಡಿನ ಹಿಂದೆ ಕಾಲಿಗೆ ಒಂದು ಜಾಗ ಇರುತ್ತೆ. ಆ ಜಾಗ ಉಳಿಯೋವರೆಗೂ ಕಾಲು ಕ್ಷೇಮ. ಪೆಟ್ಟು ಜೋರಾಗಿದ್ದು ಕೊಳವೆ ಒಳಕ್ಕೆ ಮಡಚಿದರೆ ಅದೇ ಜಾಗ ಬೋನಾಗುತ್ತೆ. ಇನ್ನು ಗಾರ್ಡು ಮಡಚದೇ ಗಟ್ಟಿ ನಿಂತರೂ ಗಾಡಿ ನಿಲ್ಲುತ್ತೆ, ಸವಾರ ನಿಲ್ಲಲ್ಲ. ಅವನು ಮುಂದಕ್ಕೆ ಹೋಗ್ತಾನೆ, ಮೊಣಕಾಲು, ತೊಡೆ ಹೋಗಿ ಗಾರ್ಡಿಗೇ ಬಡಿಯುತ್ತೆ.

1980ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ರಸ್ತೆ ಸಂಶೋಧನಾ ಸಂಸ್ಥೆ ಕಂಬಿಯ ಬದಲು ದಪ್ಪನೆಯ, ಪೆಟ್ಟು ಹೀರಿಕೊಳ್ಳೋ 'ಲೆಗ್ ಪ್ರೊಟೆಕ್ಟರ್' ಮಾಡಿ ಪರೀಕ್ಷಿಸಿತು. ಬೈಕ್ ಕಂಪನಿಗಳು ಒಪ್ಪಲಿಲ್ಲ. ಕಾಲು ಉಳಿಸೋಕೆ ಹೋದರೆ ಸವಾರನ ದೇಹ ಹಾರೋ ದಿಕ್ಕು ಬದಲಾಗಿ ತಲೆಗೆ, ಎದೆಗೆ ಪೆಟ್ಟಾಗಬಹುದು ಅಂದರು. ಪರೀಕ್ಷೆ ಮಾಡೋ ವಿಧಾನದ ಬಗ್ಗೆಯೇ ಜಗಳ ಆಯಿತು. ಕೊನೆಗೆ 1996ರಲ್ಲಿ ಐಎಸ್‌ಒ 13232 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಬಂತು. ಅದು ಹೇಳೋದು ಇಂಥ ಸಾಧನಗಳನ್ನ ಹೇಗೆ ಪರೀಕ್ಷಿಸಬೇಕು ಅಂತ. ಯೆಜ್ಡಿ ಕಾರ್ಖಾನೆ ಮುಚ್ಚಿದ ವರ್ಷವೇ ಅದು ಬಂದಿದ್ದು, ಕಾಕತಾಳೀಯ.

*

ನಾನೂ ಒಂದು ಸ್ಥೂಲ ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಓದಿದ್ದು ಒಂದು ಸಲವಾದರೂ ಉಪಯೋಗಕ್ಕೆ ಬರಲಿ ಅಂತ.

ಗಾಡಿಯ ತೂಕ 140 ಕೆಜಿ ಅಂತಿಟ್ಕೊಳ್ಳಿ. ನಿಂತಲ್ಲೇ ವಾಲಿ ಬಿದ್ದರೆ ಅದರ ಭಾರಕೇಂದ್ರ ಸುಮಾರು 30 ಸೆಂಟಿಮೀಟರ್ ಇಳಿಯುತ್ತೆ. ಶಕ್ತಿ ಸುಮಾರು 410 ಜೂಲ್. ಅದೇ ಗಾಡಿ, 70 ಕೆಜಿ ಸವಾರನ ಜೊತೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇದ್ದರೆ ಅದರಲ್ಲಿರೋ ಶಕ್ತಿ ಸುಮಾರು 13,000 ಜೂಲ್. ಮೂವತ್ತು ಪಟ್ಟಿಗಿಂತ ಜಾಸ್ತಿ. 40 ಅಂದರೆ ಹುಣಸೂರು ರಸ್ತೆಯಲ್ಲಿ ಯಾರೂ ವೇಗ ಅಂತ ಕರೆಯಲ್ಲ, ನೆನಪಿರಲಿ.

ಮೊದಲನೇ ಕೆಲಸಕ್ಕೆ ಒಂದು ಇಂಚಿನ ಕೊಳವೆ ಸಾಕು. ಎರಡನೇ ಕೆಲಸ ಅದರಿಂದ ಆಗಲ್ಲ. ಆಗಬೇಕು ಅಂತ ದಪ್ಪ ಮಾಡ್ತಾ ಹೋದರೆ ಪೆಟ್ಟು ಗಾರ್ಡಿನಿಂದ ಫ್ರೇಮಿಗೆ ವರ್ಗ ಆಗುತ್ತೆ, ಅಷ್ಟೆ. ಆಮೇಲೆ ಸೊಟ್ಟಗಾಗೋದು ಫ್ರೇಮು.

ಕೊಳವೆ ಯಾಕೆ, ಗಟ್ಟಿ ಸರಳು ಯಾಕಲ್ಲ ಅಂತ ಕೇಳಬಹುದು. 25.4 ಮಿಲಿಮೀಟರ್ ಹೊರವ್ಯಾಸ, 2 ಮಿಲಿಮೀಟರ್ ಗೋಡೆಯ ಕೊಳವೆಗೆ ಅದೇ ವ್ಯಾಸದ ಗಟ್ಟಿ ಸರಳಿನ ಶೇಕಡಾ 29ರಷ್ಟೇ ತೂಕ. ಆದರೆ ಬಾಗದಿರೋ ಬಿಗುವಿನಲ್ಲಿ ಶೇಕಡಾ 50. ಬಾಗುವಾಗ ಕೆಲಸ ಮಾಡೋದು ಹೊರಗಿನ ಲೋಹ, ನಡುವಿನ ಲೋಹ ಸುಮ್ಮನೆ ಸಂಬಳ ತಗೊಳ್ಳುತ್ತೆ. ನಮ್ಮ ಆಫೀಸಿನ ಉದಾಹರಣೆ ಕೊಡೋಕೆ ಹೋಗಲ್ಲ :)

ಹೀಗೆ ನಾನು ತೀರ್ಮಾನಕ್ಕೆ ಬಂದೆ. ಗಾರ್ಡ್ ಹಾಕ್ತೀನಿ, ಆದರೆ ಲೆಗ್ ಗಾರ್ಡ್ ಅಂತ ಅಲ್ಲ. ಎಂಜಿನ್ ಗಾರ್ಡ್ ಅಂತ. ಈ ಗಾಡಿಯ ಅಲ್ಯೂಮಿನಿಯಂ ಕವರ್ ಒಡೆದರೆ ಹೊಸದು ತಯಾರಾಗಿ ಬರೋ ಕಾರ್ಖಾನೆ ಈಗಿಲ್ಲ. ಎಪ್ಪತ್ತು ದಾಟಿದ ಅಪ್ಪ ಗೇಟಿನ ಹತ್ತಿರ ಗಾಡಿ ತಿರುಗಿಸುವಾಗ ಆಯ ತಪ್ಪಿ ವಾಲಿಸಿದರೆ ಎಂಜಿನ್ ಉಳಿಯಬೇಕು. ಅಷ್ಟಕ್ಕೆ ಗಾರ್ಡು.

*

ಇನ್ನು ಹುಡುಕಾಟ.

ಮೊದಲು ಸುಲಭದ ದಾರಿ ಹಿಡಿದೆ. ಇಂಟರ್ನೆಟ್ಟಿನಲ್ಲಿ 'ಯೆಜ್ಡಿ ಗಾರ್ಡ್' ಅಂತ ಹುಡುಕಿ ಆರ್ಡರ್ ಮಾಡಿದೆ. ನಾಲ್ಕು ದಿನದಲ್ಲಿ ಚೆಂದದ ಕಪ್ಪು ಗಾರ್ಡು ಬಂತು. ಹಿಡಿದು ನೋಡಿದರೆ ಎಲ್ಲೂ ಹೊಂದಲ್ಲ. ಆಗ ಹೊಳೆಯಿತು ನನ್ನ ದಡ್ಡತನ. ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾ ಹೆಸರನ್ನ, 2022ರಲ್ಲಿ ಯೆಜ್ಡಿ ಹೆಸರನ್ನ ಮತ್ತೆ ತಂತಲ್ಲ, ಆ ಹೊಸ ಗಾಡಿಗಳ ಗಾರ್ಡು ಅದು. ಅವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗೋ ಎಂಜಿನ್ನಿನ ಗಾಡಿಗಳು, ತಯಾರಾಗಿದ್ದು ಮಧ್ಯಪ್ರದೇಶದಲ್ಲಿ. ಹೆಸರೊಂದೇ, ಒಳಗಿನ ಕೋಡೆಲ್ಲಾ ಬೇರೆ. ವಾಪಸ್ ಕಳಿಸಿದೆ.

ಎರಡನೇ ಸಲ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಒಬ್ಬ ಅಂಗಡಿಯವರು "ಒರಿಜಿನಲ್ ಯೆಜ್ಡಿ, ಹಳೇ ಸ್ಟಾಕು" ಅಂತ ಧೂಳು ಒರೆಸಿ ಒಂದು ಗಾರ್ಡು ಕೊಟ್ಟರು. ಧೂಳು ಮಾತ್ರ ಒರಿಜಿನಲ್ಲು. ಮನೆಗೆ ತಂದು ನೋಡಿದರೆ ಅದರ ಕ್ಲಾಂಪ್ ಗುಂಡಗಿನ ಕೊಳವೆಗೆ ಮಾಡಿದ್ದು. ಬುಲೆಟ್ಟಿನ ಮುಂದಿನ ಕೊಳವೆ ಗುಂಡಗಿರುತ್ತೆ, ಅದಕ್ಕೆ ಸರಿ. ನಮ್ಮ ಗಾಡಿಯ ಫ್ರೇಮು ಆ ಹಳೇ 353ರ ವಂಶದ್ದು, ಅದರ ಕೊಳವೆ ಚೌಕಟ್ಟಾಗಿರುತ್ತೆ. ಗುಂಡಗಿನ ಕ್ಲಾಂಪನ್ನ ಚೌಕದ ಕೊಳವೆಗೆ ಬಿಗಿದರೆ ನಾಲ್ಕು ಮೂಲೆಯಲ್ಲಿ ಮಾತ್ರ ಕಚ್ಚುತ್ತೆ. ಪೆಟ್ಟು ಬಿದ್ದಾಗ ಜಾರುತ್ತೆ, ಇಲ್ಲಾ ಬಣ್ಣ ಕಿತ್ತು ತುಕ್ಕು ಹಿಡಿಸುತ್ತೆ.

ಕೊನೆಗೆ ಮೈಸೂರಿನಲ್ಲಿ, ಹಿಂದೆ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ನಾನು ಅಟ್ಟದ ಮೇಲಿನ ಸೊಟ್ಟ ಗಾರ್ಡನ್ನ ತಗೊಂಡು ಹೋಗಿದ್ದೆ, "ಇದನ್ನೇ ನೇರ ಮಾಡೋಕೆ ಆಗುತ್ತಾ ಸಾರ್?" ಅಂದೆ. ಅವರು ಅದನ್ನ ಕೈಲಿ ತಿರುಗಿಸಿ, ಮಡಚಿದ ಜಾಗದಲ್ಲಿ ಹೆಬ್ಬೆರಳು ಓಡಿಸಿ, "ಯಾರದ್ದು ಕಾಲು ಹೋಯ್ತು?" ಅಂತ ಕೇಳಿದರು. ನಾನು ಏನೂ ಹೇಳಿರಲಿಲ್ಲ!

ಒಂದು ಸಲ ಹೀಗೆ ಮಡಚಿದ ಕೊಳವೆಯನ್ನ ನೇರ ಮಾಡಿದರೆ ನೋಡೋಕೆ ನೇರ ಕಾಣುತ್ತೆ. ಆದರೆ ಮಡಚಿದ ಜಾಗದಲ್ಲಿ ಲೋಹ ಗಡುಸಾಗಿ, ಗೋಡೆ ತೆಳುವಾಗಿ, ಮುಂದಿನ ಸಲ ಅಲ್ಲೇ ಮುರಿಯುತ್ತೆ. ಹಾಗಾಗಿ ಹಳೆಯದನ್ನ ಅಚ್ಚಾಗಿ ಇಟ್ಕೊಂಡು ಹೊಸದು ಮಾಡಿಸೋದು ಅಂತಾಯಿತು. ಚೆನ್ನಾಗಿ ಉಳಿದಿದ್ದ ಬಲಗಡೆಯ ಅರ್ಧದ ಆಕಾರವನ್ನ ದಪ್ಪ ರಟ್ಟಿನ ಮೇಲೆ ಬರ್ಕೊಂಡು, ಅದನ್ನ ಮಗುಚಿ ಎಡಗಡೆಯದ್ದು ಮಾಡಿದೆವು. ಬಾಗಿಸೋ ಮೊದಲು ಕೊಳವೆಯೊಳಗೆ ಒಣ ಮರಳು ಗಟ್ಟಿಯಾಗಿ ತುಂಬಿ ಎರಡೂ ಕಡೆ ಬಿರಡೆ ಹಾಕಿದರು. ಮರಳು ಇಲ್ಲದಿದ್ದರೆ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗಿ ಸುಕ್ಕಾಗುತ್ತೆ. ಮರಳಿನಲ್ಲಿ ಒಂದಿಷ್ಟೂ ಪಸೆ ಇರಬಾರದು, ಕಾಯಿಸಿದಾಗ ಆವಿಯಾಗಿ ಬಿರಡೆ ಹಾರಿ ಯಾರ ಕಣ್ಣಿಗಾದರೂ ಬಡಿಯುತ್ತೆ. ಇದು ಅವರು ಮೂರು ಸಲ ಹೇಳಿದ ಮಾತು.

*

ಕೂರಿಸೋ ಕೆಲಸದಲ್ಲಿ ಯೆಜ್ಡಿಯದ್ದೇ ಮೂರು ತಕರಾರು ಇವೆ. ಹಳೇ ಗಾಡಿ ಇಟ್ಕೊಂಡಿರೋರಿಗೆ ಉಪಯೋಗ ಆಗಬಹುದು ಅಂತ ಬರೀತೀನಿ.

ಒಂದು, ಈ ಗಾಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಸಿಲಿಂಡರಿನ ಮುಂದಿನಿಂದ ಎರಡು ಹೊಗೆ ಕೊಳವೆಗಳು ಫ್ರೇಮಿನ ಮುಂದಿನ ಕೊಳವೆಯ ಎರಡೂ ಪಕ್ಕ ಇಳಿದು ಬರುತ್ತವೆ. ಕ್ಲಾಂಪ್ ಕೂರಬೇಕಾದ್ದು ಆ ಎರಡರ ನಡುವಿನ ಇಕ್ಕಟ್ಟಿನಲ್ಲಿ. ಗಾರ್ಡು ಹೊಗೆ ಕೊಳವೆಗೆ ತಾಗಬಾರದು. ತಾಗಿದರೆ ಕ್ರೋಮ್ ನೀಲಿಯಾಗುತ್ತೆ, ಅದಕ್ಕಿಂತ ಮುಖ್ಯವಾಗಿ ಗಾಡಿ ಓಡುವಾಗ ಕಿಟಕಿಟ ಅಂತ ತಲೆ ತಿನ್ನುತ್ತೆ. ಒಂದು ಬೆರಳು ಹೋಗೋಷ್ಟು ಜಾಗ ಬಿಡಿ.

ಎರಡು, ಜಾವಾ ಯೆಜ್ಡಿಯ ಪ್ರಸಿದ್ಧ ತಮಾಷೆ. ಎಡಗಡೆಯ ಗೇರ್ ಲಿವರೇ ಕಿಕ್ಕರ್! ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ತಂದರೆ ಗೇರು. ಹಾಗಾಗಿ ಎಡಗಡೆಯ ಗಾರ್ಡು ಗೇರ್ ಹಾಕುವ ಬೂಟಿನ ತುದಿಗೂ ತಾಗಬಾರದು, ಕಿಕ್ ಹೊಡೆಯುವಾಗ ಕೆಳಗೆ ಬರೋ ಕಾಲಿಗೂ ಸಿಗಬಾರದು. ಬಿಗಿಯೋ ಮೊದಲು ಬೂಟು ಹಾಕ್ಕೊಂಡು ಹತ್ತು ಸಲ ಕಿಕ್ ಹೊಡೆದು ನೋಡಿ. ಬರಿಗಾಲಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತೆ.

ಮೂರು, ಗಾರ್ಡನ್ನ ಎಂಜಿನ್ ಕೂರಿಸಿರೋ ಬೋಲ್ಟಿಗೇ ಸೇರಿಸೋ ಆಸೆ ಎಲ್ಲರಿಗೂ ಬರುತ್ತೆ, ಅಲ್ಲಿ ಬೋಲ್ಟು ರೆಡಿ ಇದೆಯಲ್ಲ ಅಂತ. ಬೇಡ. ಪೆಟ್ಟು ಬಿದ್ದಾಗ ಅದು ನೇರವಾಗಿ ಎಂಜಿನ್ನಿನ ಅಲ್ಯೂಮಿನಿಯಂ ಕಿವಿಗೆ ಹೋಗುತ್ತೆ. ಎಂಜಿನ್ ಉಳಿಸೋಕೆ ಹಾಕಿದ ಗಾರ್ಡೇ ಎಂಜಿನ್ನಿನ ಕಿವಿ ಹರಿಯುತ್ತೆ. ಫ್ರೇಮಿಗೆ ವೆಲ್ಡ್ ಮಾಡಿಸೋದು, ತೂತು ಕೊರೆಯೋದು ಇನ್ನೂ ಕೆಟ್ಟದ್ದು. ಚೌಕದ ಕೊಳವೆಯನ್ನ ಪೂರ್ತಿ ಅಪ್ಪಿಕೊಳ್ಳೋ ಹಾಗೆ ಎರಡು ತುಂಡಿನ ಕ್ಲಾಂಪ್ ಮಾಡಿಸಿ, ಒಳಗೆ ಹಳೇ ಸೈಕಲ್ ಟ್ಯೂಬಿನ ಒಂದು ಪದರ ಹಾಕಿ.

ಎಲ್ಲಾ ಬೋಲ್ಟುಗಳನ್ನ ಮೊದಲು ಸಡಿಲವಾಗಿಯೇ ಹಾಕಿ, ಗಾರ್ಡನ್ನ ಮಟ್ಟ ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಎಡ ಬಲ ಎಡ ಬಲ ಅಂತ ಬಿಗೀಬೇಕು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆ ಎಳೆದು ಕೂರಿಸಿದರೆ ಕೊಳವೆ ಯಾವಾಗಲೂ ಒತ್ತಡದಲ್ಲೇ ಇರುತ್ತೆ. ಹ್ಯಾಂಡಲ್ಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಮುಂದಿನ ಫೋರ್ಕ್ ಒತ್ತಿ ಮಡ್‌ಗಾರ್ಡ್ ತಾಗುತ್ತಾ ನೋಡಿ. ತಿರುವಿನಲ್ಲಿ ವಾಲಿದಾಗ ಫುಟ್‌ರೆಸ್ಟಿಗಿಂತ ಮೊದಲು ಗಾರ್ಡು ನೆಲಕ್ಕೆ ತಾಗೋ ಹಾಗಿರಬಾರದು. ಫುಟ್‌ರೆಸ್ಟ್ ತಾಗಿದರೆ ಎಚ್ಚರಿಕೆ, ಗಾರ್ಡು ತಾಗಿದರೆ ಚಕ್ರವೇ ಎದ್ದುಬಿಡಬಹುದು. ನೈಲಾನ್ ಉಂಗುರದ ನಟ್ಟುಗಳನ್ನೇ ಹಾಕಿ, ಯಾಕೆಂದರೆ ಒಂದೇ ಸಿಲಿಂಡರಿನ ಈ ಎಂಜಿನ್ನಿನ ನಡುಕಕ್ಕೆ ಸಾದಾ ನಟ್ಟು ತಾನಾಗೇ ಬಿಚ್ಚಿಕೊಳ್ಳುತ್ತೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ಬಿಗೀಬೇಕು.

ಮತ್ತೆ ಒಂದು ಮಾತು. ಹೆದ್ದಾರಿಯಲ್ಲಿ ಕಾಲು ಚಾಚಿ ಗಾರ್ಡಿನ ಮೇಲೆ ಇಟ್ಕೊಂಡು ಹೋಗೋರನ್ನ ನೋಡಿದ್ದೀರಲ್ಲ, ಅದನ್ನ ಮಾತ್ರ ಮಾಡಬೇಡಿ. ಬ್ರೇಕ್ ಕೆಳಗಿದೆ, ಕಾಲು ಮೇಲಿದೆ, ಎತ್ತಿನ ಗಾಡಿ ಎದುರಿಗಿದೆ.

*

ಗಾಡಿ ಹುಣಸೂರಿಗೆ ಬಂದ ದಿನ ಅಪ್ಪ ಅಮ್ಮ ಇಬ್ಬರನ್ನೂ ಜಗುಲಿ ಮೇಲೆ ಕೂರಿಸಿ ಹರ್ಟ್ ರಿಪೋರ್ಟಿನ ಕಥೆ ಹೇಳಿದೆ. ಪಾದದ ಗಾಯ ಕಮ್ಮಿ, ಮೊಣಕಾಲಿನ ಸುತ್ತಮುತ್ತ ಜಾಸ್ತಿ ಅಂದೆ. ಅಮ್ಮ, "ಅಂದ್ರೆ ನಾನು ಹೇಳಿದ್ದೇ ಸರಿ" ಅಂದಳು. ಅಪ್ಪನೂ ಅದೇ ಹೊತ್ತಿಗೆ ಅದೇ ಮಾತು ಹೇಳಿದರು. ಜಗಳ ಮುಗಿಸೋಣ ಅಂತ ಹೋದವನು ಎರಡೂ ಕಡೆಯವರಿಗೆ ಹೊಸ ಸಾಕ್ಷಿ ಕೊಟ್ಟು ಬಂದೆ.

ಆದರೆ ಆಮೇಲೆ ಅಪ್ಪ ಗಾಡಿಯ ಹತ್ತಿರ ಹೋಗಿ, ಬಗ್ಗಿ, ಎಡಗಡೆಯ ಗಾರ್ಡನ್ನ ಕೈಲಿ ಹಿಡಿದು ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಗಾರ್ಡಿಗೂ ಗೇರ್ ಲಿವರಿಗೂ ನಡುವಿನ ಜಾಗದಲ್ಲಿ ಎಡಗಾಲನ್ನ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. "ಆಗ ಇಷ್ಟು ಜಾಗ ಇರ್ಲಿಲ್ಲ" ಅಂದರು. ಇತ್ತು, ಅಳತೆ ಹಳೇದರದ್ದೇ. ನಾನು ಏನೂ ಹೇಳಲಿಲ್ಲ. ಲಿವರ್ ಮೇಲೆತ್ತಿ ಎರಡನೇ ಕಿಕ್ಕಿಗೇ ಸ್ಟಾರ್ಟ್ ಮಾಡಿದರು. ಆ ಎರಡು ಸೈಲೆನ್ಸರಿನ ಡಬಡಬ ಸದ್ದಿಗೆ ಪಕ್ಕದ ಮನೆಯವರೆಲ್ಲಾ ಆಚೆ ಬಂದರು. ಬೀದಿಯ ಕೊನೆವರೆಗೆ ಹೋಗಿ ವಾಪಸ್ ಬರೋವರೆಗೂ ಅಮ್ಮ ಗೇಟು ಹಿಡ್ಕೊಂಡೇ ನಿಂತಿದ್ದಳು.

ಸೊಟ್ಟ ಗಾರ್ಡನ್ನ ಗುಜರಿಗೆ ಹಾಕೋಣ ಅಂದೆ. ಇಬ್ಬರೂ ಬೇಡ ಅಂದರು. ಇದೊಂದು ವಿಷಯದಲ್ಲಿ ಒಮ್ಮತ! ಅದು ಮತ್ತೆ ಅಟ್ಟ ಹತ್ತಿದೆ.

ನಿಮ್ಮನೆ ಅಟ್ಟದ ಮೇಲೂ ಇಂಥದ್ದೇನಾದರೂ ಇದ್ದರೆ, ಅಥವಾ ನಿಮ್ಮ ಮನೆಯ ಹಿರಿಯರು ಯಾರಾದರೂ ಯಾದವಗಿರಿಯ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರೆ, ಕೂರಿಸಿ ಕೇಳಿ, ಬರೆದಿಡಿ. ಗಾಡಿಗಳ ಚಿತ್ರ ಎಲ್ಲಾ ಕಡೆ ಸಿಗುತ್ತೆ. ಅವನ್ನ ಮಾಡಿದವರ ಮಾತು ಅಷ್ಟು ಸುಲಭಕ್ಕೆ ಸಿಗಲ್ಲ. ನಾನಂತೂ ಬರೋ ಭಾನುವಾರ ಮತ್ತೆ ಆ ಮೆಕ್ಯಾನಿಕ್ ಹತ್ತಿರ ಹೋಗ್ತಾ ಇದ್ದೀನಿ. ನೂರು ಕಿಲೋಮೀಟರ್ ಆಗಿದೆ, ನಟ್ಟು ಬಿಗೀಬೇಕು.